ಮೇಡಂ ನನಗೆ ಕೊಡದ ‘ಅಡ್ಡಿಲ್ಲೆ’

ಮೇಡಂ ತೀರಿಕೊಂಡ ದಿನ ಬ್ರಹ್ಮಾವರದ ಅವರ ಮನೆಯ ಜಗಲಿಯಲ್ಲಿ ನಿಂತವರೆಲ್ಲ ಒಂದೇ ಮಾತು ಹೇಳುತ್ತಿದ್ದರು. “ಪಾಪ, ಒಳ್ಳೆಯವ್ರ್ ಮರ್ರೆ.” ಅಂಗಳದಲ್ಲಿ ಕುರ್ಚಿ ಹಾಕುತ್ತಿದ್ದವರೂ ಅದನ್ನೇ ಹೇಳಿದರು, ಬಸ್ಸಿಳಿದು ಬಂದ ಅವರ ಹಳೆಯ ವಿದ್ಯಾರ್ಥಿಗಳೂ ಅದನ್ನೇ ಹೇಳಿದರು. ನನಗೆ ಅಳು ಬರುತ್ತಿತ್ತು, ಅಳುವಿನ ನಡುವೆ ಸಿಟ್ಟೂ ಬಂತು. ಈ ಮಾತು ಮೇಡಂ ಕಿವಿಗೆ ಬಿದ್ದಿದ್ದರೆ ಸ್ಟೀಲಿನ ಲೋಟ ಎತ್ತಿ ಮೇಜಿಗೆ ಒಂದು ಕುಟ್ಟು ಕುಟ್ಟುತ್ತಿದ್ದರು. “ಎಂತ ಒಳ್ಳೆಯವ್ರ್? ದಯೆ ಇಪ್ಪವ್ರಾ? ನ್ಯಾಯ ಇಪ್ಪವ್ರಾ? ಕೈ ಬಿಚ್ಚಿ ಕೊಡುವವ್ರಾ? ಬರೀ ಉಪದ್ರ ಇಲ್ದವ್ರಾ? ಸಮಾ ಹೇಳಿ ಕಾಂಬ” ಎಂದು ಕೇಳುತ್ತಿದ್ದರು.

‘ಒಳ್ಳೆಯವರು’ ಎನ್ನುವುದು ಅವರ ಲೆಕ್ಕದಲ್ಲಿ ಶಬ್ದವೇ ಅಲ್ಲ, ಆಕಳಿಕೆ. ಮನುಷ್ಯನಿಗೆ ಯೋಚನೆ ಮಾಡಲು ಉದಾಸೀನವಾದಾಗ ಬಾಯಿ ತಾನಾಗಿ ತೆರೆದು ಹೊರಗೆ ಬರುವ ಗಾಳಿ. ಆ ದಿನ ಜಗಲಿಯ ಕಂಬಕ್ಕೆ ಒರಗಿ ನಾನು ಬೇರೆ ಶಬ್ದ ಹುಡುಕುತ್ತ ನಿಂತಿದ್ದೆ. ದಯಾಳು ಅನ್ನೋಣವೇ? ಅಯ್ಯೋ ದೇವರೇ, ಅವರ ದಯೆಗೆ ಸಿಕ್ಕಿ ಅತ್ತವರ ಪೈಕಿ ನಾನೇ ಮೊದಲಿಗಳು. ಸೌಮ್ಯ ಅನ್ನೋಣವೇ? ಅವರು ಲೋಟ ಕುಟ್ಟಿದರೆ ಎದುರಿನ ತೆಂಗಿನ ಮರದ ಕಾಗೆ ಹಾರುತ್ತಿತ್ತು. ಒಂದೂ ಕೂರಲಿಲ್ಲ.

ಅವರು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನನ್ನ ಕಾಲದಲ್ಲಿ ಯಾರಿಗೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ತಮ್ಮ ಮನೆಯ ಜಗಲಿಯಲ್ಲಿ ಬ್ಯಾಂಕು, ರೈಲ್ವೆ ಪರೀಕ್ಷೆಗೆ ಕೂರುವವರಿಗೆ ಇಂಗ್ಲಿಷ್ ಶಬ್ದಗಳ ಪಾಠ ಮಾಡುತ್ತಿದ್ದರು. ನಾನು ಕೆರಾಡಿಯಿಂದ ಬೆಳಗಿನ ಬಸ್ಸು ಹಿಡಿದು, ಕುಂದಾಪುರದಲ್ಲಿ ಬಸ್ಸು ಬದಲಿಸಿ, ಅರ್ಧ ನಿದ್ದೆಯಲ್ಲಿ ಬ್ರಹ್ಮಾವರದಲ್ಲಿ ಇಳಿಯುತ್ತಿದ್ದೆ. ಮೊದಲ ದಿನ ನನ್ನ ಹೆಸರು ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. “ಎಲ್ಲಿಂದ?” ಎಂದರು. “ಕೆರಾಡಿ” ಎಂದೆ. ಅಲ್ಲಿಗೆ ನನ್ನ ಹೆಸರು ಮುಗಿಯಿತು. ಅವರು ಹೋಗುವವರೆಗೂ ನಾನು ಕೆರಾಡಿಯೇ. ಎಲ್ಲರನ್ನೂ ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಹೆಸರಿನ ಹಿಂದೆ ಮುಂದೆ ಇರುವ ಜಾತಿ, ಮನೆತನ ಜಗಲಿಯ ಮೆಟ್ಟಿಲು ಹತ್ತಬಾರದು ಎನ್ನುವುದು ಅವರ ಹಟ.

ನನ್ನ ಎದುರಿನ ಮಣೆಯಲ್ಲಿ ಕೂರುತ್ತಿದ್ದವನು ಸುಧಾಕರ. ಕುಂದಾಪುರದ ಕೋಡಿಯವನು, ಮೀನುಗಾರರ ಮನೆಯ ಹುಡುಗ. ಹಾಗಾಗಿ ಅವನು ಕೋಡಿ. ನಾನು ಕಾಡಿನ ಕಡೆಯವಳು, ಅವನು ಕಡಲಿನ ಕಡೆಯವನು. ನಮ್ಮಿಬ್ಬರಿಗೂ ಹುಟ್ಟಾ ಜಗಳ ಎಂದು ಮೇಡಂಗೆ ಮೊದಲ ವಾರವೇ ಗೊತ್ತಾಗಿತ್ತು, ಅದಕ್ಕೇ ಎದುರುಬದುರು ಕೂರಿಸಿದ್ದರು.

ಮಣೆ ಎಂದೆನಲ್ಲ, ಅದನ್ನು ಹೇಳಬೇಕು. ಬೇರೆ ಕಡೆ ಈ ಪಾಠ ಹೇಗೆ ನಡೆಯುತ್ತದೆ ಎಂದು ನಿಮಗೆ ಗೊತ್ತು. ಒಂದು ಶಬ್ದ ಕೊಡುತ್ತಾರೆ, ಕೆಳಗೆ ನಾಲ್ಕು ಶಬ್ದ, ಅದರಲ್ಲಿ ಅದೇ ಅರ್ಥದ್ದು ಯಾವುದು ಎಂದು ಗುರುತು ಹಾಕಬೇಕು. ನಾವು ಉರು ಹೊಡೆಯಲು ತಯಾರಾಗಿ ಬಂದಿದ್ದೆವು. ಮೇಡಂ ಅದನ್ನು ತಾಳಮದ್ದಳೆ ಮಾಡಿಬಿಟ್ಟಿದ್ದರು. ನಮ್ಮ ಕಡೆಯವರಿಗೆ ತಾಳಮದ್ದಳೆ ಹೊಸತಲ್ಲ. ಬಣ್ಣವಿಲ್ಲ, ಕುಣಿತವಿಲ್ಲ, ವೇಷವಿಲ್ಲ. ಇಬ್ಬರು ಎದುರೆದುರು ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬರೀ ಮಾತಿನಲ್ಲೇ ವಾದ ಮಾಡುತ್ತಾರೆ. ಮೇಡಂ ಜಗಲಿಯಲ್ಲಿ ಪಾತ್ರಗಳ ಜಾಗಕ್ಕೆ ಇಂಗ್ಲಿಷ್ ಶಬ್ದಗಳು ಬಂದವು. ಮೇಡಂ ಒಂದು ವಾಕ್ಯ ಹೇಳುತ್ತಿದ್ದರು, ಅದರಲ್ಲಿ ಒಂದು ಜಾಗ ಖಾಲಿ. ನಾನೊಂದು ಶಬ್ದ, ಎದುರಿನವನು ಅದರ ಹತ್ತಿರದ ಅರ್ಥದ ಇನ್ನೊಂದು ಶಬ್ದ. ಆ ಜಾಗ ತನ್ನದು ಎಂದು ಇಬ್ಬರೂ ವಾದಿಸಬೇಕು. ವಾದ ಹಾದಿ ತಪ್ಪಿದರೆ ಮೇಡಂ ಲೋಟ ಕುಟ್ಟುತ್ತಿದ್ದರು. ಕೊನೆಗೆ ಆ ಲೋಟವನ್ನು ಗೆದ್ದವರ ಕಡೆಗೆ ಸರಿಸುತ್ತಿದ್ದರು. ಸೋತವರು ಒಳಗೆ ಹೋಗಿ ಆ ಲೋಟದಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ಗೆದ್ದವರಿಗೆ ಕೊಡಬೇಕು. ಮನೆಗೆ ಬಂದವರಿಗೆ ಕೊಡುವ ಮರ್ಯಾದೆಯನ್ನೇ ಎದುರಾಳಿಗೆ ಕೊಡಬೇಕು ಎಂಬುದು ಅವರ ನಿಯಮ.

ಒಮ್ಮೆ ನಾನು ರೇಗಿ ಕೇಳಿದೆ. “ಮೇಡಂ, ಪರೀಕ್ಷೆಯಲ್ಲಿ ಬರೀ ಗುರ್ತ್ ಹಾಕೂಕ್ ಇಪ್ಪುದ್. ಇಷ್ಟೆಲ್ಲಾ ಜಗಳ ಎಂತಕೆ?”

“ಇಗಾಣ್ ಕೆರಾಡಿ” ಎಂದರು. “ನಿನ್ ಮನಿ ಬಾಗ್ಲಲ್ಲಿ ನಾಲ್ಕ್ ಜನ ಬಂದ್ ನಿಂತಿರ್. ನಾಲ್ಕೂ ಜನ ನಿನ್ ದಾಯಾದಿಗಳೇ, ಮುಖ ಎಲ್ಲಾ ಒಂದೇ ನಮೂನಿ. ಯಾರ್ ನಿನ್ನ ಕಷ್ಟಕ್ಕೆ ಬಂದವ್ರ್, ಯಾರ್ ಊಟಕ್ಕೆ ಬಂದವ್ರ್ ಅಂತ ಮಾತಾಡ್ಸ್ದೇ ಗೊತ್ತಾತ್ತಾ?”

ಶಬ್ದಕ್ಕೆ ಅವಳಿ ಇಲ್ಲ, ದಾಯಾದಿ ಮಾತ್ರ ಇರುವುದು ಎಂದು ಆಗಾಗ ಹೇಳುತ್ತಿದ್ದರು. ದಿನಕ್ಕೆ ಒಂದು ಜೋಡಿ, ಹೆಚ್ಚೆಂದರೆ ಎರಡು. ಬೇರೆ ಕ್ಲಾಸಿನವರು ಬೆಳಗಾಗುವುದರೊಳಗೆ ಬುಟ್ಟಿಗಟ್ಟಲೆ ಶಬ್ದ ನುಂಗುತ್ತಿದ್ದಾಗ ನಾವು ಒಂದೇ ಮುಳ್ಳು ಬಿಡಿಸುತ್ತ ಕೂತಿರುತ್ತಿದ್ದೆವು. ಆದರೆ ಹಾಗೆ ಬಿಡಿಸಿದ್ದು ಇವತ್ತಿಗೂ ಮರೆತಿಲ್ಲ.

ಅವರ ಬಾಯಿಂದ ಬರುವ ದೊಡ್ಡ ಹೊಗಳಿಕೆ ಎಂದರೆ ‘ಅಡ್ಡಿಲ್ಲೆ’. ಪರವಾಗಿಲ್ಲ, ತೊಂದರೆಯಿಲ್ಲ ಎಂಬ ಅರ್ಥದಲ್ಲಿ ನಾವು ದಿನಕ್ಕೆ ಹತ್ತು ಸಲ ಆಡುವ ಮಾತು. ಚಹಕ್ಕೆ ಸಕ್ಕರೆ ಕಡಿಮೆಯಾದರೂ ಅಡ್ಡಿಲ್ಲೆ, ಬಸ್ಸು ತಪ್ಪಿದರೂ ಅಡ್ಡಿಲ್ಲೆ. ಮೇಡಂ ಮಾತ್ರ ಅದನ್ನು ಕಿಸೆಯಲ್ಲಿಟ್ಟು ಗುಂಡಿ ಹಾಕಿದ್ದರು. ನಾನು ಗೆದ್ದ ದಿನವೂ ಲೋಟ ನನ್ನ ಕಡೆಗೆ ಬಂತೇ ಹೊರತು ಅಡ್ಡಿಲ್ಲೆ ಬರಲಿಲ್ಲ. ಕೋಡಿಗೆ ಒಮ್ಮೆ ಬಂತು. ಅದನ್ನು ಹೇಳದಿದ್ದರೆ ಅವನು ನನ್ನನ್ನು ಬಿಡುವುದಿಲ್ಲ.

ಆ ದಿನ ನಾನು ‘ಆಬ್‌ಸ್ಟಿನೇಟ್’, ಅವನು ‘ಟೆನೇಶಿಯಸ್’. ಎರಡಕ್ಕೂ ಹಿಡಿದದ್ದನ್ನು ಬಿಡದವನು ಎಂದೇ ಅರ್ಥ. ನಾನು ಇಡೀ ವಂಶದ ಹಟವನ್ನೆಲ್ಲ ತಂದು ಸುರಿದೆ. ಕೋಡಿ ಮೆಲ್ಲಗೆ ಹೇಳಿದ. “ಮೀನಿನ ಬಲಿ ಖಾಲಿ ಬಂದ್ರೂ ನಾಳಿ ಮತ್ತೆ ಕಡಲಿಗ್ ಹೋಪವ ನಾನ್. ಗಾಳಿ ಏಳ್ತ್ ಅಂತ ನಾಲ್ಕ್ ಜನ ಹೇಳ್ರೂ ಕೇಣ್ದೇ ಹೋಪವ ನೀನ್. ಇಬ್ರೂ ದೋಣಿ ಬಿಡುದಿಲ್ಲೆ. ಆದ್ರೆ ಮನಿಯವ್ರ್ ದಡದಂಗೆ ನಿಂತ್ ಕಾವುದ್ ನನ್ನ, ಹುಡುಕೂಕ್ ಹೋಪುದ್ ನಿನ್ನ.” ಅವನ ದೊಡ್ಡಪ್ಪ ಹಾಗೆಯೇ ಕಡಲಿಗೆ ಹೋಗಿ ಬಾರದೆ ಉಳಿದದ್ದು ನಮಗೆಲ್ಲ ಗೊತ್ತಿತ್ತು. ಮೇಡಂ ಲೋಟ ಅವನ ಕಡೆ ಸರಿಸಿ, “ಅಡ್ಡಿಲ್ಲೆ” ಎಂದರು. ನಾನು ಬೆಲ್ಲ ನೀರು ತಂದು ಕೊಟ್ಟೆ. ಹೊಟ್ಟೆ ಉರಿದದ್ದು ನಿಜ.

ಈ ಕಟ್ಟುನಿಟ್ಟು ಎಲ್ಲಿಂದ ಬಂತು ಎಂದು ಅವರೇ ಒಮ್ಮೆ ಹೇಳಿದ್ದರು. ಅವರ ತವರು ಶಂಕರನಾರಾಯಣದ ಹತ್ತಿರ. ಅಪ್ಪ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದವರು, ಅಂದರೆ ಪಾತ್ರವಾಗಿ ಕೂತು ವಾದ ಮಾಡುವವರು. ಮನೆಯಲ್ಲಿ ಕೂಟ ನಡೆದರೆ ಹೆಣ್ಣುಮಕ್ಕಳು ಬಾಗಿಲ ಸಂದಿಯಲ್ಲಿ ನಿಂತು ಕೇಳಬೇಕು. “ಅಪ್ಪಯ್ಯನ ಎದ್ರಾಳಿ ಹೇಳಿದ್ದಕ್ಕೆ ನನ್ಹತ್ರ ಉತ್ರ ಇರ್ತಿತ್. ಬಾಗ್ಲ್ ಹಿಂದೆ ನಿಂತ್ ಕೈಯಿಂದ ಬಾಯ್ ಮುಚ್ಕಂಡ್ ಇರ್ತಿದ್ದೆ. ಇಲ್ದಿರೆ ಹಾರಿ ಹೊರ್ಗ್ ಬಪ್ಪುದ್ ಮಾತ್” ಎಂದು ಹೇಳಿ ನಕ್ಕರು. ನಾವೂ ನಕ್ಕೆವು. ಆ ಮಾತಿಗೆ ಅಷ್ಟು ತೂಕವಿದೆ ಎಂದು ಆಗ ಗೊತ್ತಾಗಲಿಲ್ಲ.

ಅವರಿಗೆ ಒಬ್ಬನೇ ತಮ್ಮ. ಮುಂಬೈಯಲ್ಲಿ ಸಣ್ಣ ಹೋಟೆಲು. ಊರಿಗೆ ಬಂದ ತಮ್ಮನನ್ನೂ ಮೇಡಂ ಬಿಡುತ್ತಿರಲಿಲ್ಲ, ಮಣೆಯ ಮೇಲೆ ಕೂರಿಸಿ ಒಂದು ಶಬ್ದ ಕೊಡುತ್ತಿದ್ದರು. ಪಾಪ, ನಾವೆಲ್ಲ ಅಣ್ಣ ಎನ್ನುತ್ತಿದ್ದ ಅವರು ಹಿಂದಿ, ಮರಾಠಿ, ಕನ್ನಡ ಎಲ್ಲ ಬೆರೆಸಿ ಎರಡು ಮಾತಾಡಿ, “ಸೋತೆ ಅಕ್ಕ, ಸೋತೆ” ಎಂದು ಎದ್ದು ಹೋಗಿ ತಾವೇ ಬೆಲ್ಲ ನೀರು ತರುತ್ತಿದ್ದರು. ಅಕ್ಕನಿಗೆ ಸೋಲುವುದೆಂದರೆ ಅವರಿಗೆ ಹಬ್ಬ.

ನನಗೆ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿತು, ಬೈಂದೂರಿಗೆ ಹಾಕಿದರು. ಸಿಹಿ ಹಿಡಿದುಕೊಂಡು ಹೇಳಲು ಹೋದೆ. “ಹೌದಾ? ಲಾಯ್ಕಾಯ್ತ್. ಪೇಪರಂಗೆ ಎಂತ ಶಬ್ದ ಬಂದಿತ್?” ಎಂದರು. ಅಡ್ಡಿಲ್ಲೆ ಇಲ್ಲ. ಕೋಡಿ ಬ್ರಹ್ಮಾವರದ ಹತ್ತಿರದ ಶಾಲೆಯೊಂದರಲ್ಲಿ ಮೇಷ್ಟ್ರಾದ. ನಾವಿಬ್ಬರೂ ಬಿಡುವಾದ ಭಾನುವಾರ ಜಗಲಿಗೆ ಹೋಗುತ್ತಿದ್ದೆವು, ಹೊಸ ಮಕ್ಕಳಿಗೆ ಎದುರಾಳಿಗಳಾಗಿ.

ಆಮೇಲೆ ಒಂದು ಬೆಳಿಗ್ಗೆ ಮೇಡಂ ಸ್ನಾನದ ಮನೆಯ ಬಾಗಿಲಲ್ಲಿ ಬಿದ್ದರು. ಪಕ್ಷವಾತ. ಆಸ್ಪತ್ರೆಯಿಂದ ಮನೆಗೆ ಬರುವಾಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಮಾತೂ ಹೋಗಿತ್ತು. ಹೋಗಿತ್ತು ಎಂದರೆ ಪೂರ್ತಿ ಅಲ್ಲ. ಒಂದೇ ಒಂದು ಮಾತು ನಾಲಿಗೆಯಲ್ಲಿ ಉಳಿದುಕೊಂಡಿತ್ತು. ಅದು ಅಡ್ಡಿಲ್ಲೆ.

ಯಾವ ಶಬ್ದವನ್ನು ಅಷ್ಟು ಜೋಪಾನ ಮಾಡಿದ್ದರೋ ಅದೇ ಈಗ ತಡೆಯಿಲ್ಲದೆ ಹೊರಗೆ ಬರುತ್ತಿತ್ತು. ಹೇಗಿದ್ದೀರಿ ಎಂದರೆ ಅಡ್ಡಿಲ್ಲೆ. ನೋವಿದೆಯಾ ಎಂದರೆ ಅಡ್ಡಿಲ್ಲೆ. ಹಾಲಿನವನಿಗೆ, ಡಾಕ್ಟರಿಗೆ, ಕಿಟಕಿಯಲ್ಲಿ ಕೂತ ಬೆಕ್ಕಿಗೆ ಎಲ್ಲರಿಗೂ ಅಡ್ಡಿಲ್ಲೆ. ಅವರು ಬೇರೇನೋ ಹೇಳಲು ಹೊರಟಿದ್ದಾರೆಂದು ಮುಖ ನೋಡಿದರೆ ಗೊತ್ತಾಗುತ್ತಿತ್ತು. ತುಟಿ ಒದ್ದಾಡುತ್ತಿತ್ತು, ಬಂದದ್ದು ಮಾತ್ರ ಅದೇ. ಬಂದ ಕೂಡಲೇ ಕಣ್ಣಲ್ಲಿ ನೀರು. ನಾನು ಮೊದಲ ಸಲ ನೋಡಲು ಹೋದಾಗ ನನಗೂ ಹೇಳಿದರು. ಅಷ್ಟು ವರ್ಷ ಕಾದ ಮಾತು ಹಾಗೆ ಸಿಕ್ಕಿದ್ದಕ್ಕೆ ಬಚ್ಚಲಿಗೆ ಹೋಗಿ ಅತ್ತೆ.

ನಮ್ಮ ಕಡೆ ಕಾಯಿಲೆಯವರನ್ನು ನೋಡಲು ಹೋಗುವುದು ಒಂದು ದೊಡ್ಡ ಕಾರ್ಯಕ್ರಮ. ಹಣ್ಣು, ಎಳನೀರು ಹಿಡಿದು ಬಂದವರು ಮಂಚದ ಪಕ್ಕದಲ್ಲೇ ನಿಂತು ಮಾತಾಡುತ್ತಾರೆ. ನಾಲಿಗೆ ಹೋದವರಿಗೆ ಕಿವಿಯೂ ಬುದ್ಧಿಯೂ ಹೋಗಿದೆ ಎಂದೇ ಎಲ್ಲರ ಲೆಕ್ಕ. “ಮೇಡಂ, ಗೊತ್ತಾತಾ? ನಾನ್ ಯಾರ್ ಹೇಳಿ?” ಎಂದು ಕಿವಿಯ ಹತ್ತಿರ ಕೂಗುತ್ತಿದ್ದರು. “ಈಗ ಆರಾಮ್ ಇದ್ರ್” ಎಂದು ತಮಗೆ ತಾವೇ ಉತ್ತರ ಹೇಳಿಕೊಳ್ಳುತ್ತಿದ್ದರು. ಆಗ ಮೇಡಂ ಎಡಗೈ ಪಕ್ಕದ ಸ್ಟೂಲಿನ ಮೇಲಿದ್ದ ಸ್ಟೀಲ್ ಲೋಟವನ್ನು ಹಿಡಿದು ಒಂದು ಕುಟ್ಟು ಕುಟ್ಟುತ್ತಿತ್ತು. ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಗಿರಿಜಕ್ಕ ಓಡಿ ಬಂದು, “ನೀರ್ ಬೇಕಾ ಮೇಡಂ?” ಎಂದು ಕುಡಿಸುತ್ತಿದ್ದರು. ಬೇಡವೆಂದು ಮುಖ ತಿರುಗಿಸಿದರೂ ಬಿಡುತ್ತಿರಲಿಲ್ಲ, ಪ್ರೀತಿ ಅಷ್ಟು.

ನಾನು ಎರಡನೇ ಸಲ ಹೋದಾಗ ಇದನ್ನು ಕಂಡೆ. ಯಾರೋ ಬಂದವರು, “ಎಲ್ಲಾ ದೇವ್ರ್ ಇಚ್ಛೆ” ಎಂದರು. ಕುಟ್ಟು. ನೀರು ಬಂತು. ಅಯ್ಯೋ, ಇವರು ನೀರು ಕೇಳುತ್ತಿಲ್ಲ! ಮಾತು ಹಾದಿ ತಪ್ಪಿತು, ಸರಿಯಾಗಿ ಹೇಳಿ ಎನ್ನುತ್ತಿದ್ದಾರೆ! ಮೇಡಂ ಅಲ್ಲೇ ಇದ್ದರು, ಇಡೀ ಮೇಡಂ. ಬಾಯಿಯ ಬಾಗಿಲು ಮಾತ್ರ ಕೆಟ್ಟಿತ್ತು.

ಅಷ್ಟರಲ್ಲಿ ಆಗಬಾರದ್ದು ಆಗುತ್ತಿತ್ತು. ಮುಂಬೈಯಿಂದ ಮೇಡಂ ಅವರ ತಮ್ಮ ಬಂದು ಕೂತಿದ್ದರು. ಅಕ್ಕನನ್ನು ಮುಂಬೈಗೆ ಕರೆದುಕೊಂಡು ಹೋಗುವುದು, ಬ್ರಹ್ಮಾವರದ ಮನೆ ಬೇರೆಯವರಿಗೆ ಕೊಡುವುದು ಎಂದು ತೀರ್ಮಾನ ಮಾಡಿದ್ದರು. ರೈಲಿಗೆ ಟಿಕೆಟ್ ಆಗಿತ್ತು, ಮರುದಿನವೇ ಹೊರಡುವುದು. ನಾನು ಕೇಳಿದ್ದಕ್ಕೆ ಬೇಸರ ಮಾಡಿಕೊಂಡರು. “ಇಗಾಣಿ, ನಾನೆಂತ ಎಳ್ಕಂಡ್ ಹೋಪುದಾ? ಬೊಂಬಾಯಿಗ್ ಹೋಪನಾ ಅಕ್ಕಾ ಅಂತ ಕೇಂಡೆ, ಅಡ್ಡಿಲ್ಲೆ ಅಂದ್ಳ್. ಮನಿ ಬಿಡುದಾ ಅಂತ ಕೇಂಡೆ, ಅಡ್ಡಿಲ್ಲೆ ಅಂದ್ಳ್. ಅವ್ಳ್ ಬಾಯಿಂದ್ಲೇ ಹೇಳಿದ್ದ್.”

“ಅಣ್ಣಾ, ಮೇಡಂ ಬೆಕ್ಕಿಗೂ ಅಡ್ಡಿಲ್ಲೆ ಅಂದಿರ್. ಬೆಕ್ಕನ್ನೂ ಬೊಂಬಾಯಿಗ್ ಕರ್ಕಂಡ್ ಹೋತ್ರ್ಯಾ?” ಎಂದೆ.

ಅವರ ಮುಖ ಸಣ್ಣದಾಯಿತು. ಕೆಟ್ಟವರಲ್ಲ ಅವರು. ಅಕ್ಕನ ಮೇಲಿನ ಜೀವ ಅವರ ಕಣ್ಣಲ್ಲೇ ಕಾಣುತ್ತಿತ್ತು. “ಬೇಕಾ ಬೇಡ್ವಾ ಅಂತ ತಲಿ ಆಡ್ಸುಕ್ ಹೇಳ್ದೆ. ಎರ್ಡ್ ಕಡಿಗೂ ಆಡ್ಸ್ತ್ಳ್. ನಾನ್ ಹ್ಯಾಂಗ್ ತಿಳ್ಕಂಬುದ್? ಹೊಸ ಜಾಗ ಅಂದ್ರೆ ಯಾರಿಗಾದ್ರೂ ಅಳುಕ್ ಇರ್ತಿಲ್ಯಾ? ಅಲ್ಲಿಗ್ ಹೋರ್ ಮೇಲೆ ಸಮಾ ಆತ್ತ್” ಎಂದರು.

ನನಗೆ ಅಲ್ಲೇ ಹೊಳೆಯಿತು. ಇದು ಮೇಡಂ ಜಗಲಿಯ ಪಾಠವೇ. ಅಳುಕು ಬೇರೆ, ಒಪ್ಪದಿರುವುದು ಬೇರೆ. ‘ರಿಲಕ್ಟಂಟ್’ ಬೇರೆ, ‘ಅನ್‌ವಿಲಿಂಗ್’ ಬೇರೆ. ಹೊರಗಿನಿಂದ ನೋಡಿದರೆ ಎರಡೂ ಹೊಸ್ತಿಲಲ್ಲಿ ನಿಂತ ಒಂದೇ ಕಾಲು. ಅದು ಯಾವುದೆಂದು ಹೇಳಲು ಮೇಡಂಗೆ ಬಾಯಿ ಬೇಡ. ಎದುರಿಗೆ ತಂದಿಟ್ಟರೆ ಗುರುತು ಹಿಡಿಯುತ್ತಾರೆ. ಜೀವಮಾನವಿಡೀ ಅವರು ಕಲಿಸಿದ್ದು ಅದನ್ನೇ.

ಕೋಡಿಗೆ ಫೋನ್ ಮಾಡಿದೆ. ಶಾಲೆ ಬಿಟ್ಟವನೇ ಬಂದ. ಗೇಟಿನ ಹತ್ತಿರ ತಡೆದು ನಿಲ್ಲಿಸಿ ವಿಷಯ ಹೇಳಿದೆ. “ನೀನ್ ರಿಲಕ್ಟಂಟ್ ಆಯಿ ಕೂಕೋ. ಆದ್ರೆ ಮಾರಾಯಾ, ಸ್ವಲ್ಪ ಸಪ್ಪೆ ಮಾತಾಡ್” ಎಂದೆ.

ಅವನು ಚಪ್ಪಲಿ ಬಿಡುತ್ತಿದ್ದವನು ತಲೆಯೆತ್ತಿ ನೋಡಿದ. “ಮೇಡಂ ಎದ್ರಿಗೆ ಸುಳ್ ಅರ್ಥ ಹೇಳುಕ್ ನಂಗಾತಿಲ್ಲೆ. ಅವ್ರಿಗ್ ಹೋಪುಕ್ ಮನ್ಸಿದ್ರೆ? ನೀನ್ಯಾರ್ ತಡೂಕೆ?”

ಅವನು ಹೇಳಿದ್ದು ಸರಿಯೇ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಮೇಡಂ ಕುರ್ಚಿಯನ್ನು ಜಗಲಿಗೆ ತಂದೆವು. ಎದುರಿಗೆ ಮೇಜು, ಮೇಜಿನ ಮೇಲೆ ಲೋಟ. ನಾವಿಬ್ಬರೂ ಮಣೆಯ ಮೇಲೆ ಎದುರುಬದುರು ಕೂತೆವು. ಗಿರಿಜಕ್ಕ, “ಇವ್ಕ್ ಮರ್ಲಾ ಎಂತದ್ ಮರ್ರೆ!” ಎಂದು ಹುಚ್ಚರನ್ನು ನೋಡುವಂತೆ ನೋಡುತ್ತ ಬಾಗಿಲಲ್ಲೇ ನಿಂತರು. ಕಂಬದ ಹತ್ತಿರ ತಮ್ಮ ಕೂತರು. ನಾನು ವಾಕ್ಯ ಹೇಳಿದೆ. ಮುಂಬೈಗೆ ಹೋಗುವ ವಿಷಯದಲ್ಲಿ ಮೇಡಂ ಇಂಥ ಮನಸ್ಸಿನವರು. ‘ಇಂಥ’ ಎಂಬಲ್ಲಿ ಜಾಗ ಖಾಲಿ. ಮೇಡಂ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ.

ಕೋಡಿ ಶುರು ಮಾಡಿದ. “ನಾನ್ ರಿಲಕ್ಟಂಟ್. ನಂಗ್ ಮನ್ಸಿಲ್ದೆ ಅಲ್ಲ, ಅಳುಕ್. ಮಳ್ಗಾಲ ಕಳ್ದ್ ಮೊದಲ್ನೇ ದಿನ ದೋಣಿ ನೀರಿಗ್ ಇಳ್ಸುವಾಗ ನಮ್ಮ್ ಅಪ್ಪಯ್ಯ ದಡದಂಗೆ ಒಂದ್ ಗಳ್ಗಿ ನಿಂತ್ಕಂತ್ರ್. ಯಾರಾದ್ರೂ ಸ್ವಲ್ಪ ದೂಡ್ಕ್. ದೂಡ್ರೆ ಹೋತ್ರ್, ಹೋಯಿ ಮೀನ್ ತತ್ರ್. ಮೇಡಂಗೂ ಒಂದ್ ಕೈ ಬೇಕಿತ್ತ್ ಅಷ್ಟೇ. ಒಡಹುಟ್ಟಿದವ ದೂಡುಕ್ ಬಂದಿದ. ಅವ್ನ್ ಕೈಯಂಗೆ ಬಲ ಇಪ್ಪುದಲ್ಲ, ಪ್ರೀತಿ ಇಪ್ಪುದ್.” ಕಂಬದ ಹತ್ತಿರ ಕೂತಿದ್ದ ತಮ್ಮ ಮುಖ ಮುಚ್ಚಿಕೊಂಡರು. ಕೋಡಿ ಎಷ್ಟು ಚೆನ್ನಾಗಿ ಮಾತಾಡಿದನೆಂದರೆ ಲೋಟ ಈಗಲೇ ಅವನ ಕಡೆ ಸರಿಯಿತು ಎಂದುಕೊಂಡೆ.

ನಾನು ಹೇಳಿದೆ. “ನಾನ್ ಅನ್‌ವಿಲಿಂಗ್. ನಂಗೆ ಅಳುಕ್ ಇಲ್ಲೆ. ನಾನ್ ದಡದ್ ಮೇಲೆ ನಿಂತ ದೋಣಿ ಅಲ್ಲ, ದಡವೇ. ದೂಡ್ರೆ ಹೋತಿಲ್ಲೆ. ನನ್ ಮಣೆ ಇಲ್ಲಿ, ನನ್ ಮಕ್ಕಳ್ ಇಲ್ಲಿ ಬತ್ರ್. ಅಪ್ಪಯ್ಯನ ಕೂಟದಂಗೆ ಜಾಗ ಸಿಕ್ದೇ, ನಾನೇ ಮಾಡ್ಕಂಡ ಜಾಗ ಇದ್.” ಅಲ್ಲಿಗೆ ನಿಲ್ಲಿಸಬೇಕಿತ್ತು. ವಾದ ಬಿಟ್ಟು ಕೂಗಾಡಿದೆ. “ನಾಲ್ಗಿ ಹೋಯ್ತ್ ಅಂದ್ರೆ ಮನ್ಸೂ ಹೋಯ್ತಾ? ಉಳ್ದ ಒಂದ್ ಮಾತನ್ನೂ ನೀವ್ ಟಿಕೆಟಿಗ್ ಒಪ್ಗಿ ಮಾಡ್ಕಂಡ್ರ್ಯಲೆ ಅಣ್ಣಾ!”

ಕುಟ್ಟು. ಮೇಡಂ ಲೋಟ ಕುಟ್ಟಿದ್ದರು. ಹಾದಿ ತಪ್ಪಿದೆ, ಸಾಕು. ನಾನು ಬಾಯಿ ಮುಚ್ಚಿದೆ. ಸೋತೆ ಎಂದೇ ಅಂದುಕೊಂಡೆ.

ತಮ್ಮ ಎದ್ದು ಬಂದು ಅಕ್ಕನ ಮುಂದೆ ಮೊಣಕಾಲೂರಿ ಕೂತರು. “ಅಕ್ಕಾ, ಕಡಿಗೊಂದ್ ಸಲ ಕೇಂತೆ. ನಾಳಿ ಬೊಂಬಾಯಿಗ್ ಹೋಪನಾ?”

ಮೇಡಂ ತುಟಿ ತೆರೆಯಿತು. ಆ ಶಬ್ದ ಬರುತ್ತಿತ್ತು, ನಮಗೆಲ್ಲ ಕಾಣುತ್ತಿತ್ತು. ಆಗ ಅವರು ಲೋಟ ಬಿಟ್ಟು, ಎಡಗೈ ಎತ್ತಿ, ತಮ್ಮ ಬಾಯಿಯನ್ನು ತಾವೇ ಗಟ್ಟಿಯಾಗಿ ಅದುಮಿ ಹಿಡಿದರು. ಬೆರಳ ಸಂದಿಯಿಂದ ಬರೀ ಉಸಿರು ಬಂತು. ಕೈ ಸಡಿಲಿಸಲಿಲ್ಲ. ಬಾಗಿಲ ಹಿಂದೆ ನಿಂತ ಹುಡುಗಿ ಮಾತು ಹಾರದಂತೆ ತಡೆದ ಹಾಗೆ, ತನ್ನ ಮನಸ್ಸಿಗೆ ಒಪ್ಪದ ಆ ಒಂದು ಒಪ್ಪಿಗೆಯನ್ನು ಒಳಗೇ ಹಿಡಿದುಕೊಂಡರು. ಕಣ್ಣು ತಮ್ಮನ ಮೇಲೆಯೇ ಇತ್ತು. ಎಷ್ಟೋ ಹೊತ್ತಿನ ಮೇಲೆ ಆ ಕೈ ಕೆಳಗಿಳಿಯಿತು, ಲೋಟವನ್ನು ಮುಟ್ಟಿತು, ನನ್ನ ಕಡೆಗೆ ಸರಿಸಿತು.

ಕೋಡಿ ನಿಯಮದ ಪ್ರಕಾರ ಬೆಲ್ಲ ನೀರು ತರಲು ಎದ್ದ. ತಮ್ಮ ಅವನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದರು. “ನೀನ್ ಕೂಕೋ. ಸೋತವ ನಾನ್” ಎಂದರು. ಒಳಗೆ ಹೋಗಿ, ಲೋಟದಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದು ನನ್ನ ಮುಂದಿಟ್ಟರು. ಅವರು ಅಳುತ್ತಿದ್ದರು. ಅಕ್ಕನಿಗೆ ಸೋತಾಗ ಮೊದಲೆಲ್ಲ ನಗುತ್ತಿದ್ದವರು.

ಮೇಡಂ ಬ್ರಹ್ಮಾವರದಲ್ಲೇ ಉಳಿದರು. ಗಿರಿಜಕ್ಕ ರಾತ್ರಿ ಮೇಡಂ ಮನೆಯಲ್ಲೇ ಮಲಗುವಂತೆ ಏರ್ಪಾಡು ಮಾಡಿ ತಮ್ಮ ಹೋದರು. ಸಂಜೆ ಫೋನ್ ಮಾಡುತ್ತಿದ್ದರು. ಮೇಡಂ ಅಡ್ಡಿಲ್ಲೆ ಎಂದರೆ ಅದನ್ನು ನಂಬುತ್ತಿರಲಿಲ್ಲ, “ಗಿರಿಜಕ್ಕ, ಕೈ ಎಲ್ಲಿತ್ತ್ ಕಾಣಿ” ಎಂದು ಕೇಳುತ್ತಿದ್ದರು. ಭಾನುವಾರದ ಕ್ಲಾಸು ಮತ್ತೆ ಶುರುವಾಯಿತು. ವಾಕ್ಯ ಹೇಳುವುದು ಕೋಡಿ, ತೀರ್ಪು ಮೇಡಂದು. ಲೋಟ ಕುಟ್ಟಿದರೆ ಗಿರಿಜಕ್ಕ ಈಗ ನೀರು ತರುತ್ತಿರಲಿಲ್ಲ. “ಹ್ವಾಯ್, ಸಮಾ ಮಾತಾಡಿ ಅಂಬ್ರ್” ಎಂದು ಒಳಗಿನಿಂದಲೇ ಗದರಿಸುತ್ತಿದ್ದರು.

ಕೊನೆಯ ಸಲ ನಾನು ಮಣೆಯ ಮೇಲೆ ಕೂತದ್ದು ಕಳೆದ ಮಳೆಗಾಲದ ಮುಂಚೆ. ಹೊಸದಾಗಿ ಬಂದ ಹುಡುಗಿಯೊಬ್ಬಳು ‘ಕಾಮ್’, ನಾನು ‘ಸಿರೀನ್’, ಎರಡೂ ಶಾಂತ ಎನ್ನುವುದರ ದಾಯಾದಿಗಳು. ನಮ್ಮ ಕೆರಾಡಿಯ ಹೊಳೆಯನ್ನು ಹಿಡಿದು ಏನೇನೋ ಹೇಳಿದೆ, ನನಗೇ ಕಣ್ಣು ಹನಿಗೂಡಿತು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಲೋಟವೂ ನನ್ನ ಕಡೆಗೇ ಬಂತು. ಮೇಡಂ ತುಟಿಯಲ್ಲಿ ಆ ಶಬ್ದ ಮೂಡುತ್ತಿದ್ದದ್ದು ಕಂಡಿತು. ತಡೆಯಲಾರದೆ ಕೇಳಿಯೇಬಿಟ್ಟೆ. “ಅಡ್ಡಿಲ್ಯಾ ಮೇಡಂ?”

ಅವರ ಎಡಗೈ ಮೇಲೆದ್ದು ಬಾಯಿ ಮುಚ್ಚಿತು.

ಹೊಸ ಹುಡುಗಿ, ಅವರಿಗೆ ಕೆಮ್ಮು ಬಂತೇನೋ ಎಂದು ಎದ್ದಳು. ಕೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಎಂತ ಸಾವ್ ಮೇಡಂ! ಬೆಕ್ಕಿಗೂ ಸಿಕ್ತ್, ನಂಗಿಲ್ಯಾ?” ಎಂದೆ. ಮೇಡಂ ಬಾಯಿ ಮುಚ್ಚಿಕೊಂಡೇ ಇದ್ದರು, ಭುಜ ಕುಲುಕುತ್ತಿತ್ತು, ಕಣ್ಣು ತುಂಬ ನಗು. ಎಲ್ಲರಿಗೂ ಕೊಟ್ಟುಬಿಟ್ಟ ಮಾತನ್ನು ಅವರು ನನಗೆ ಮಾತ್ರ ಹಿಡಿದಿಟ್ಟರು. ಇನ್ನೂ ಸ್ವಲ್ಪ ಆಗಬೇಕು ಎಂದು ಆ ಕೈ ಹೇಳಿತು.

ಅವರು ಹೋದ ದಿನ, ನೆಂಟರು ಒಬ್ಬೊಬ್ಬರಾಗಿ ಬಾಯಿಗೆ ತುಳಸಿ ನೀರು ಬಿಟ್ಟು ಹಿಂದೆ ಸರಿಯುತ್ತಿದ್ದರು. ಜಗಲಿಗೆ ತಮ್ಮ ಬಂದು ನನ್ನನ್ನು ಕರೆದರು. ಅವರ ಕೈಯಲ್ಲಿ ಆ ಸ್ಟೀಲ್ ಲೋಟವಿತ್ತು. “ಕೆರಾಡಿ, ಎಲ್ಲಾ ಒಳ್ಳೆಯವ್ರ್ ಒಳ್ಳೆಯವ್ರ್ ಅಂತ್ರ್. ನೀ ಸಮಾ ಹೇಳ್ ಕಾಂಬ. ಅಕ್ಕ ಎಂಥವ್ಳ್?”

ಬೆಳಗಿನಿಂದ ಹುಡುಕಿದ ಶಬ್ದಗಳೆಲ್ಲ ಬಾಯಿಗೆ ಬಂದವು. ಒಂದೊಂದಕ್ಕೂ ಒಳಗೆ ಲೋಟ ಕುಟ್ಟಿದ ಸದ್ದು ಕೇಳಿತು.

“ಸಿಕ್ತಿಲ್ಲೆ ಅಣ್ಣಾ” ಎಂದೆ.

“ಹಾಂಗಾರೆ ನೀ ಸೋತೆ, ಗೆದ್ದದ್ದ್ ಅಕ್ಕ” ಎಂದರು. ಲೋಟವನ್ನು ನನ್ನ ಕೈಗೆ ಕೊಟ್ಟರು. ನೀರಿನಲ್ಲಿ ಒಂದು ಚೂರು ಬೆಲ್ಲ ಕರಗುತ್ತಿತ್ತು.

ಮೇಡಂ ಪಕ್ಕದಲ್ಲಿ ಕೂತು ಬೆರಳನ್ನು ಅದ್ದಿ ಅವರ ತುಟಿಗೆ ಮುಟ್ಟಿಸಿದೆ. ಬಾಯಿ ಮುಚ್ಚಿತ್ತು. ಈ ಸಲ ನನ್ನ ಕೈಯೇ ಅದರ ಮೇಲಿತ್ತು.